ಗಸಿ ಕೂರದ ರಸ

ಹೊಟ್ಟೆಕಿಚ್ಚಿಗೆ ಔಷಧ ಇಲ್ಲ ಅನ್ನುತ್ತಾರೆ. ಇದ್ದಿದ್ದರೂ, ತಂಗಿ ಕೊಟ್ಟ ಲೋಟದಲ್ಲಿ ಅಂತೂ ಅಕ್ಕ ಅದನ್ನು ಕುಡಿಯುತ್ತಿರಲಿಲ್ಲ.

ಅಕ್ಕ ಅಂದರೆ ಹಳೇ ಗೋದಾಮಿನ ಪಕ್ಕದ ಶೆಡ್ಡಿನಲ್ಲಿ ಕಿತ್ತಳೆ ರಸ ತೆಗೆದು, ಕಾಸಿ, ಬಾಟಲಿಗೆ ತುಂಬಿ ಮಾರುವವಳು. ಅಂಗಡಿಯವರೆಲ್ಲ ಅವಳನ್ನು ಕರೆಯುವುದೇ ಹಾಗೆ. ಅವಳ ಒಡಹುಟ್ಟಿದ ತಂಗಿ ನಾಲ್ಕು ಬೀದಿ ಆಚೆ ಇದೇ ವ್ಯಾಪಾರ ಮಾಡುತ್ತಾಳೆ. ಒಂದೇ ಮಂಡಿಯ ಹಣ್ಣು, ಒಬ್ಬನೇ ಅಪ್ಪನಿಂದ ಕಲಿತ ಕಸುಬು. ಆದರೆ ತಂಗಿಯ ಬಾಟಲಿ ದೊಡ್ಡಂಗಡಿಯಲ್ಲಿ ಕಿಟಕಿಯ ಪಕ್ಕ, ಒಳಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬೀಳುವ ಹಲಗೆಯ ಮೇಲೆ. ಅಕ್ಕನದು ತೀರಾ ಕೆಳಗೆ, ನೆಲ ಒರೆಸುವ ಬಟ್ಟೆ ತಾಗುವ ಜಾಗದಲ್ಲಿ. ಆ ಮೇಲಿನ ಹಲಗೆಯೊಂದು ಸಿಕ್ಕಿಬಿಟ್ಟರೆ ಸಾಕು, ಬೇರೇನೂ ಬೇಡ ಎಂದು ಅವಳು ಕೂತಲ್ಲಿ ನಿಂತಲ್ಲಿ ಅಂದುಕೊಳ್ಳುತ್ತಿದ್ದಳು.

ಇದು ಇವತ್ತು ನಿನ್ನೆಯ ಉರಿಯಲ್ಲ. ಅಪ್ಪ ಬೀದಿ ಮೂಲೆಯಲ್ಲಿ ತಳ್ಳುಗಾಡಿ ಇಟ್ಟುಕೊಂಡು ರಸ ಮಾರುತ್ತಿದ್ದ. ಹಿಡಿ ತಿರುಗಿಸಿ ಹಣ್ಣು ಹಿಂಡುವುದು ಅಕ್ಕನ ಕೆಲಸ, ತುಂಬಿದ ಲೋಟ ಕೊಡುವುದು ತಂಗಿಯದು. ಅಂಗೈಯಲ್ಲಿ ಬೊಬ್ಬೆ ಎದ್ದದ್ದು ಇವಳಿಗೆ, ಎಷ್ಟು ಚೂಟಿ ಮಗು ಅಂತ ಗಿರಾಕಿಗಳಿಂದ ಹೊಗಳಿಸಿಕೊಂಡದ್ದು ಅವಳು. ಗಾಡಿ ಮುಚ್ಚಿದ ಮೇಲೆ ಅಪ್ಪ ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಉಳಿದ ಒಂದು ಲೋಟದ ತಳ ತೋರಿಸಿ, ಗಸಿ ಕೂರದ ರಸ ರಸವೇ ಅಲ್ಲ ಮಕ್ಕಳೇ ಅನ್ನುತ್ತಿದ್ದ. ಆಮೇಲೆ ಆ ಲೋಟವನ್ನು ಇಬ್ಬರೂ ಹಂಚಿಕೊಂಡು ಕುಡಿಯಬೇಕು. ಮೊದಲ ಗುಟುಕು ಯಾರದು ಎಂಬ ಜಗಳ ಮನೆ ಮುಟ್ಟುವ ತನಕ ಮುಗಿಯುತ್ತಿರಲಿಲ್ಲ.

ಅಕ್ಕನ ಬಾಟಲಿಗಳಲ್ಲಿ ಗಸಿಗೇನೂ ಬರವಿರಲಿಲ್ಲ. ಮೇಲೆ ತಿಳಿನೀರು, ತಳದಲ್ಲಿ ತಿರುಳು. ಹಳೆಯದಿರಬೇಕು ಅಂತ ಜನ ಮುಟ್ಟುತ್ತಿರಲಿಲ್ಲ. ತಂಗಿಯದೋ, ಬಿರಡೆಯಿಂದ ಬುಡದ ತನಕ ಒಂದೇ ಬಣ್ಣ. ತಿರುಳನ್ನು ನುಣ್ಣಗೆ ಮಾಡಿ ರಸದಲ್ಲೇ ಬೆರೆಸಿಬಿಡುವ ಹೊಸ ಯಂತ್ರ ತಂದಿದ್ದೇನೆ, ಬಂದು ನೋಡು ಎಂದು ಅವಳು ಎರಡು ಸಲ ಹೇಳಿ ಕಳಿಸಿದ್ದಳು. ಅಕ್ಕ ಹೋಗಲಿಲ್ಲ. ಹೋದರೆ ಚೆನ್ನಾಗಿದೆ ಅನ್ನಬೇಕಾಗುತ್ತಿತ್ತಲ್ಲ! ಯಂತ್ರವಂತೆ ಯಂತ್ರ, ಯಾವುದೋ ಅಂಟು ಬೆರೆಸುತ್ತಾಳೆ ಅಷ್ಟೇ ಎಂದು ಗಂಡನ ಹತ್ತಿರ ಹೇಳಿದಳು. ಗಂಡ ಸಾಮಾನು ಸಾಗಿಸುವ ಆಟೊ ಓಡಿಸುವವನು, ಮಾತಿಗೂ ಬ್ರೇಕು ಜಾಸ್ತಿ. ನಮ್ಮ ಹಂಡೆಯ ಶಾಖ ತೋರಿಸುವ ಮುಳ್ಳು ಸರಿಯಿಲ್ಲ, ರಸ ಪೂರ್ತಿ ಕಾಯುವ ಮೊದಲೇ ಕಾಯಿತು ಅಂತ ತೋರಿಸುತ್ತದೆ, ಮೊದಲು ಅದನ್ನು ಬದಲಿಸೋಣ ಎಂದ. ತಂಗಿಯ ಬಾಟಲಿಯ ಮೇಲೇ ಕಣ್ಣು ನೆಟ್ಟವಳಿಗೆ ತನ್ನ ಹಂಡೆ ಎಲ್ಲಿ ಕಾಣಬೇಕು?

ಅಂಗಡಿಗೆ ಹೋದಾಗಲೆಲ್ಲ ಅವಳದೊಂದು ಗುಟ್ಟಿನ ಕೆಲಸವಿತ್ತು. ಅಂಗಡಿಯವನು ಗಿರಾಕಿಯ ಕಡೆ ತಿರುಗಿದ ಗಳಿಗೆ ನೋಡಿ ತನ್ನ ಬಾಟಲಿಗಳನ್ನು ಮೇಲಿನ ಹಲಗೆಗೆ ಏರಿಸುವುದು, ತಂಗಿಯವನ್ನು ಕೆಳಗಿಳಿಸುವುದು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಅಂಗಡಿಯವನು ಕಂಡೂ ಕಾಣದವನಂತಿದ್ದ. ಅಕ್ಕತಂಗಿಯರ ನಡುವೆ ಬಾಯಿ ಹಾಕುವಷ್ಟು ದಡ್ಡ ಅವನಲ್ಲ. ಆದರೆ ಒಂದು ದಿನ ಅವಳ ಕಣ್ಣೆದುರೇ ಒಬ್ಬ ಮುದುಕ ಮೇಲಿದ್ದ ಅವಳ ಬಾಟಲಿಯನ್ನು ಎತ್ತಿ ನೋಡಿ, ವಾಪಸು ಇಟ್ಟು, ಸೊಂಟ ಹಿಡಿದುಕೊಂಡು ಬಗ್ಗಿ ಕೆಳಗಿದ್ದ ತಂಗಿಯ ಬಾಟಲಿಯನ್ನೇ ತೆಗೆದುಕೊಂಡ. ಅಯ್ಯೋ, ಬಗ್ಗಿ ತೆಗೆದುಕೊಳ್ಳುವಂಥದ್ದು ಅದರಲ್ಲಿ ಏನಿದೆ! ಅವಳ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದ ಹಾಗಾಯಿತು.

ಮನೆಗೆ ಬಂದವಳೇ ಆಹಾರ ಇಲಾಖೆಗೆ ಫೋನು ಹಚ್ಚಿದಳು. ಈ ವ್ಯಾಪಾರಕ್ಕೆ ದೇಶಕ್ಕೆಲ್ಲ ಒಂದೇ ನಿಯಮ: ಬರೀ ಹಣ್ಣಿನದಾದರೆ ಮಾತ್ರ ಬಾಟಲಿಗೆ ಅಂಟಿಸುವ ಚೀಟಿಯ ಮೇಲೆ ‘ರಸ’ ಅಂತ ಅಚ್ಚು ಹಾಕಬಹುದು, ನೀರೋ ಅಂಟೋ ಬೆರೆತರೆ ‘ಪಾನೀಯ’ ಅನ್ನಬೇಕು. ಮೂಗು ಹಿಡಿದು ದನಿ ಬದಲಿಸಿಕೊಂಡು, ಇಂಥವರ ಬಾಟಲಿಯಲ್ಲಿ ಅಂಟಿದೆ ಎಂದಳು. ಹೇಗೆ ಹೇಳುತ್ತೀರಿ ಎಂದು ಆ ಕಡೆಯವರು ಕೇಳಿದಾಗ ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಒಂದೇ ಮಾತು.

"ಗಸಿ ಕೂರದ ರಸ ರಸವೇ ಅಲ್ಲ, ಸ್ವಾಮಿ."

ಅಧಿಕಾರಿ ಬಂದ. ತಂಗಿಯ ಶೆಡ್ಡಿಗೆ ಹೋಗಿ, ದೂರು ಹೀಗೆ ಬಂದಿದೆ ಎಂದು ಓದಿ ಹೇಳಿ, ಮಾದರಿ ತೆಗೆದುಕೊಂಡ. ಅಲ್ಲಿಂದಲೇ ವಾಪಸು ಹೋಗಿದ್ದರೆ ಚೆನ್ನಾಗಿತ್ತು. ದೊಡ್ಡಂಗಡಿಗೂ ಬಂದು, ಒಬ್ಬರದೇ ಯಾಕೆ ಅಂತ ಕಿತ್ತಳೆ ರಸದ ಬಾಟಲಿ ಎಷ್ಟು ಬಗೆಯವಿದ್ದವೋ ಎಲ್ಲದರಲ್ಲೂ ಒಂದೊಂದನ್ನು ಎತ್ತಿಕೊಂಡು ಮೊಹರು ಹಾಕಿದ. ಮೇಲಿನ ಹಲಗೆಯ ಮೇಲೆ ಆಗ ಇದ್ದದ್ದು ಅಕ್ಕನ ಬಾಟಲಿಗಳು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೇರವಾಗಿ ಆ ಹಲಗೆಗೇ ಬೀಳುತ್ತಿತ್ತು. ತಂಗಿಯ ಬಾಟಲಿಗಳು ಅಲ್ಲಿ ಬಿಸಿಲು ಬರುವ ತನಕ ಉಳಿಯುತ್ತಲೇ ಇರಲಿಲ್ಲ, ಅಷ್ಟರಲ್ಲಿ ಖರ್ಚಾಗುತ್ತಿದ್ದವು. ಅಕ್ಕನವು ಉಳಿದವು. ಸರಿಯಾಗಿ ಕಾಯದ ರಸ, ದಿನವೂ ಬಿಸಿಲು. ಒಳಗೊಳಗೇ ಹುಳಿ ಬಂದು ಬಿರಡೆ ಉಬ್ಬಿತ್ತು. ಬಿಸಿಲು ತಾಗದ ಜಾಗದಲ್ಲಿಡಿ ಎಂದು ಅವಳೇ ಅಚ್ಚು ಹಾಕಿಸಿದ ಚೀಟಿ ಆ ಬಾಟಲಿಯ ಹೊಟ್ಟೆಯ ಮೇಲೇ ಇತ್ತು.

ತಂಗಿಯ ರಸ ಅಪ್ಪಟ, ಒಂದು ತೊಟ್ಟೂ ಅಂಟಿಲ್ಲ ಎಂದು ಪರೀಕ್ಷೆಯಲ್ಲಿ ಬಂತು. ಅಕ್ಕನದು ಕುಡಿಯಲು ಯೋಗ್ಯವಲ್ಲ ಎಂದು ಬಂತು. ಅಧಿಕಾರಿ ಅವಳ ಶೆಡ್ಡಿಗೂ ಬಂದು, ಹಂಡೆಯ ಮುಳ್ಳು ನೋಡಿ, ಇದು ಸರಿಯಾಗುವ ತನಕ ಇಲ್ಲಿ ಏನೂ ತುಂಬುವಂತಿಲ್ಲ ಎಂದು ಬಾಗಿಲಿಗೆ ಆದೇಶ ಅಂಟಿಸಿ ಹೋದ. ಮಾಡಿದ್ದುಣ್ಣೋ ಮಹರಾಯ! ಒಳಗೆ ಹಿಂದಿನ ದಿನವಷ್ಟೇ ಇಳಿಸಿದ ಹಣ್ಣು ಸೂರಿನ ತನಕ ರಾಶಿ ಬಿದ್ದಿತ್ತು. ಹಂಡೆ ಕೊಟ್ಟವರನ್ನು ಕೇಳಿದರೆ ಹೊಸ ಮುಳ್ಳು ಬರಲು ಎರಡು ವಾರವಾದರೂ ಬೇಕು ಎಂದರು. ಅಷ್ಟರಲ್ಲಿ ಹಣ್ಣು ಕೊಳೆಯುತ್ತದೆ, ಅಂಗಡಿಯವನು ಕೆಳಗಿನ ಹಲಗೆಯನ್ನೂ ಬೇರೆಯವರಿಗೆ ಕೊಟ್ಟುಬಿಡುತ್ತಾನೆ, ಇಷ್ಟು ವರ್ಷದ ದುಡಿಮೆ ನೀರುಪಾಲು. ಅಕ್ಕ ರಾಶಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಅತ್ತಳು. ಅಳುವಾಗಲೂ ತಂಗಿಯ ಹಂಡೆಯ ಮುಳ್ಳು ಸರಿಯಿರುತ್ತದಲ್ಲ ಎಂದೇ ನೆನೆದಳು.

ಮಾರನೆಯ ಬೆಳಿಗ್ಗೆ ತಂಗಿಯೇ ಗಾಡಿ ತಂದು ನಿಲ್ಲಿಸಿದಳು. ಹಣ್ಣನ್ನು ನನ್ನ ಶೆಡ್ಡಿಗೆ ಸಾಗಿಸು, ಅಲ್ಲೇ ಹಿಂಡಿ ತುಂಬೋಣ, ಇಲಾಖೆಯವರನ್ನು ಕೇಳಿದ್ದೇನೆ, ಆಗುತ್ತದೆಯಂತೆ ಎಂದಳು. ಒಂದೇ ಷರತ್ತು, ಅದೂ ಅವಳದಲ್ಲ, ನಿಯಮದ್ದು: ಎಲ್ಲಿ ತುಂಬಿದ್ದು ಎಂಬುದನ್ನು ಚೀಟಿಯಲ್ಲಿ ಹಾಕಲೇಬೇಕು. ಅಂದರೆ ಅಕ್ಕನ ಬಾಟಲಿಯ ಮೇಲೆ ತಂಗಿಯ ಶೆಡ್ಡಿನ ವಿಳಾಸ. ಇದಕ್ಕಿಂತ ಹಣ್ಣು ಕೊಳೆಯುವುದೇ ವಾಸಿ ಎಂದು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಗಂಡ ಮಾತಿಲ್ಲದೆ ಮೊದಲ ಬುಟ್ಟಿ ಹಣ್ಣನ್ನು ಹೊತ್ತು ಗಾಡಿಗೆ ಹಾಕಿಬಿಟ್ಟಿದ್ದ.

ಹೊಸ ಯಂತ್ರವನ್ನು ಅಕ್ಕ ಅವತ್ತು ಮೊದಲ ಸಲ ನೋಡಿದಳು. ಅದು ಚೆನ್ನಾಗಿಯೇ ಇತ್ತು, ಏನು ಮಾಡುವುದು? ಅವಳ ರಸವೂ ಒಂದೇ ಬಣ್ಣವಾಗಿ ಇಳಿಯತೊಡಗಿತು. ಇಬ್ಬರೂ ಪಕ್ಕಪಕ್ಕ ಕೂತು ಬಾಟಲಿಗೆ ಹೊಸ ಚೀಟಿ ಅಂಟಿಸುತ್ತಿದ್ದರು. ಆಗ ತಂಗಿ, ತಲೆ ಎತ್ತದೆ, ಮೆಲ್ಲಗೆ ಹೇಳಿದಳು.

"ಆ ಅಧಿಕಾರಿ ದೂರು ಓದ್ದಾಗಲೇ ನಂಗೆ ಗೊತ್ತಾಯ್ತು. ಅಪ್ಪ ಆ ಮಾತು ಹೇಳ್ತಿದ್ದಿದ್ದು ನಮ್ಮಿಬ್ಬರಿಗೇ ಅಲ್ವಾ ಅಕ್ಕ?"

ಅಕ್ಕನ ಕೈ ನಿಂತಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇವಳು ಬೈಯಲೂ ಇಲ್ಲವಲ್ಲ, ಕ್ಷಮಿಸುವುದರಲ್ಲೂ ಮೇಲಿನ ಹಲಗೆಯನ್ನೇ ಹಿಡಿದಳಲ್ಲ ಎಂದು ಮತ್ತೆ ಉರಿ ಎದ್ದಿತು. ತಂಗಿ ಚೀಟಿ ಅಂಟಿಸುತ್ತಲೇ ಇದ್ದಳು.

"ಗಾಡಿಯ ಹಿಡಿ ತಿರುಗಿಸೋಕೆ ಅಪ್ಪ ನಂಗೆ ಒಂದು ದಿನಾನೂ ಕೊಡ್ಲಿಲ್ಲ. ಲೋಟ ಕೊಡೋಕೆ ಯಾರಾದ್ರೂ ಆಗುತ್ತೆ, ಹಿಂಡೋ ಕೈ ದೊಡ್ಡವಳಿಗೆ ಮಾತ್ರ ಅಂತಿದ್ರು. ನಿನ್ನ ನೋಡಿ ನಾನು ಎಷ್ಟು ಉರ್ಕೊಂಡಿದೀನಿ ಗೊತ್ತಾ? ಈ ಯಂತ್ರ ತಂದಿದ್ದೂ ಅದೇ ಉರಿಗೇ."

ಯಂತ್ರ ಆಗ ನಿಂತಿತ್ತು. ಶೆಡ್ಡಿನಲ್ಲಿ ಸದ್ದೇ ಇರಲಿಲ್ಲ. ಅಕ್ಕನಿಗೆ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿಸಿತ್ತು. ಎಷ್ಟೋ ವರ್ಷದಿಂದ ಕುದಿಯುತ್ತಿದ್ದ ಹೊಟ್ಟೆ ತಣ್ಣಗಾದ ಹಾಗಿತ್ತು. ಅವಳು ಚೀಟಿಯನ್ನು ಬಾಟಲಿಗೆ ಒತ್ತಿ, ಹೆಬ್ಬೆರಳಿನಿಂದ ಸವರಿ, ಕಿವಿಯನ್ನು ತಂಗಿಯ ಕಡೆ ಮಾಡಿ ಕೇಳಿದಳು.

"ಏನಂದೆ? ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."