ನಿಂತಲ್ಲೇ ಕಾಯುತ್ತಿದ್ದ ಬೈಕು

ಆ ಬೆಳಿಗ್ಗೆ ನಾನು ಬೈಕನ್ನು ಇನ್ನೂ ಸ್ಟಾರ್ಟೇ ಮಾಡಿರಲಿಲ್ಲ. ಕೆಸರಿನ ದಾರಿಯೆಂದು ಪ್ಯಾಂಟು ಮಡಚಿಕೊಂಡು ಹತ್ತಿದೆ. ಸೈಲೆನ್ಸರ್ ತಗುಲಿ ಮೀನಖಂಡ ಚುರ್ ಎಂದಿತು. ಸೀಟಿನ ಮೇಲೆ ಮಾತ್ರ ಇಬ್ಬನಿ ಹಾಗೇ ಇತ್ತು.

ಆಗ ನಾನು ಪಶು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೆ. ಕೊಪ್ಪದಲ್ಲಿ ಒಂದು ಮನೆಯ ಹೊರಕೋಣೆ ಬಾಡಿಗೆಗೆ ಹಿಡಿದಿದ್ದೆ. ಮನೆಯಾಕೆ ನಲವತ್ತರ ಆಸುಪಾಸಿನವರು, ಹೊಲಿಗೆ ಮಾಡುತ್ತಿದ್ದರು. ನಾನು ಅಕ್ಕ ಎನ್ನುತ್ತಿದ್ದೆ. ಬೈಕು ಅವರ ಗಂಡನದು. ಅವರು ಜ್ವರದಲ್ಲಿ ತೀರಿಕೊಂಡು ವರ್ಷವಾದ ಮೇಲೆ ಅಕ್ಕ ಅದನ್ನು ನನಗೆ ಮಾರಿದ್ದರು. ಕೊಡುವಾಗ ಹೇಳಿದ್ದು ಒಂದೇ ಮಾತು: "ಕೀ ಮಾತ್ರ ಜಗಲಿ ಮೊಳೆಗೇ ಹಾಕಿ. ಅಲ್ಲೇ ಇದ್ದು ಅಭ್ಯಾಸ."

ಆ ಬೆಳಿಗ್ಗೆ ಹತ್ತಿರದ ನಾರ್ವೆ ಎಂಬ ಹಳ್ಳಿಗೆ ದನ ನೋಡಲು ಹೊರಟವನು ದಾರಿಯಲ್ಲಿ ಮೆಕ್ಯಾನಿಕ್ ಹತ್ತಿರ ನಿಲ್ಲಿಸಿದೆ.

"ಸೈಲೆನ್ಸರ್ ತಣೀತಾನೇ ಇಲ್ಲ. ನಿನ್ನೆ ಸಂಜೆ ನಿಲ್ಲಿಸಿದ್ದು."

"ನಿನ್ನೆಯ ಬಿಸಿ ಇವತ್ತಿಗೆ ಇರ್ತದಾ ಮಾರಾಯ್ರೆ?" ಆತ ನಕ್ಕ. ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚು ಹೋದರೆ ಎಂಜಿನ್ ಕಾಯುತ್ತದೆಂದು ಕಾರ್ಬೊರೇಟರ್ ಸರಿಮಾಡಿದ. ಸೈಲೆನ್ಸರಿಗೆ ತಗಡಿನ ಗಾರ್ಡ್ ಕೂರಿಸಿದ.

ಮರುದಿನ ಬೆಳಿಗ್ಗೆ ಕೈಯಿಟ್ಟು ನೋಡಿದರೆ ಗಾರ್ಡೂ ಬಿಸಿ. ಅದರ ಮರುದಿನವೂ ಅಷ್ಟೇ. ಸಂಜೆ ಮೀಟರಿನ ಅಂಕಿ ನೆನಪಿಟ್ಟುಕೊಂಡೆ. ಬೆಳಿಗ್ಗೆ ಅದು ಒಂದು ಕಿಲೋಮೀಟರೂ ಮುಂದೆ ಹೋಗಿರಲಿಲ್ಲ. ಆಮೇಲೆ ಕಮ್ಮರಡಿಯ ಖಾಲಿ ರಸ್ತೆಯಲ್ಲಿ ಹೋಗುವಾಗ ಬೈಕಿನ ಕನ್ನಡಿ ನೋಡಲು ಮನಸ್ಸಾಗುತ್ತಿರಲಿಲ್ಲ.

ಮತ್ತೆ ಮೆಕ್ಯಾನಿಕ್ ಹತ್ತಿರ ಹೋದೆ. ಈ ಸಲ ಆತ ನಗಲಿಲ್ಲ.

"ಎಂಜಿನ್ ಹತ್ರದ ಪೈಪು ನೋಡಿ, ನೀಲಿ ತಿರುಗಿದೆ. ಓಡೋ ಗಾಡಿಗಾದ್ರೆ ಗಾಳಿ ಸಿಕ್ತದೆ. ಇದನ್ನ ಯಾರೋ ನಿಂತಲ್ಲೇ ಆನ್ ಮಾಡಿ ಇಡ್ತಾರೆ."

ದಿನಾ ಬೆಳಿಗ್ಗೆ ನಾನು ಬಸ್ ಸ್ಟ್ಯಾಂಡಿನ ಹೋಟೆಲಿಗೆ ತಿಂಡಿಗೆ ನಡೆದು ಹೋಗುತ್ತಿದ್ದೆ. ಒಂದು ದಿನ ಹೋಟೆಲ್ ಬಾಗಿಲು ಹಾಕಿತ್ತು, ಬೇಗ ಹಿಂದಿರುಗಿದೆ. ಗೇಟಿನ ಹತ್ತಿರ ಬರುವಾಗಲೇ ಎಂಜಿನ್ ಸದ್ದು ಕೇಳಿತು. ಅಂಗಳದ ಮಂಜಿನಲ್ಲಿ ಅಕ್ಕ ಬೈಕಿನ ಪಕ್ಕ ನಿಂತಿದ್ದರು. ಒಂದು ಕೈ ಆಕ್ಸಿಲರೇಟರ್ ಮೇಲಿತ್ತು, ಇನ್ನೊಂದರಲ್ಲಿ ಊಟದ ಡಬ್ಬಿ. ನೋಟ ಬಚ್ಚಲಿನ ಮುಚ್ಚಿದ ಬಾಗಿಲ ಮೇಲಿತ್ತು.

"ಅಕ್ಕ, ಎಂತ ಮಾಡ್ತಿದ್ದೀರಿ?"

ನನ್ನ ಕಡೆ ತಿರುಗದೆ ಹೇಳಿದರು: "ಗಾಡಿ ಬಿಸಿ ಆಗದೆ ಅವರು ಹೊರಡೋ ಕ್ರಮ ಇಲ್ಲ. ಸ್ನಾನಕ್ಕೆ ಹೋಗಿದ್ದಾರೆ. ಈಗ ಬರ್ತಾರೆ."

ದನಿ ದಿನದಂತೆಯೇ ಇತ್ತು. ನಾನು ಎಂಜಿನ್ ಆರಿಸಬಹುದಿತ್ತು. ಧೈರ್ಯ ಬರಲಿಲ್ಲ. ಜಗಲಿಯ ಮೆಟ್ಟಿಲ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ನಾನೂ ಆ ಬಾಗಿಲನ್ನೇ ನೋಡುತ್ತಿದ್ದೆ. ಒಳಗೆ ಯಾರೋ ಚೊಂಬು ಕೆಳಗಿಟ್ಟ ಸದ್ದಾಯಿತು ಎಂದು ಇವತ್ತಿಗೂ ಅನ್ನಿಸುತ್ತದೆ. ಆಮೇಲೆ ಅಕ್ಕ ಕೀ ತೆಗೆದು ಮೊಳೆಗೆ ಹಾಕಿ, ಒಳಗೆ ಹೋಗಿ ಹೊಲಿಯಲು ಕೂತರು.

ಅವತ್ತೇ ಶೃಂಗೇರಿಯಲ್ಲಿದ್ದ ಅವರ ತಂಗಿಗೆ ಫೋನ್ ಮಾಡಿದೆ. ತಂಗಿ ಬಂದು ಅಕ್ಕನನ್ನು ಕರೆದುಕೊಂಡು ಹೋದರು, ಶಿವಮೊಗ್ಗದಲ್ಲಿ ಡಾಕ್ಟರಿಗೆ ತೋರಿಸಿದರು. ಎರಡು ತಿಂಗಳ ಮೇಲೆ ಅಕ್ಕ ಹಿಂದಿರುಗಿದಾಗ ಮುಖ ತುಂಬಿಕೊಂಡಿತ್ತು. ಅಷ್ಟರಲ್ಲಿ ನನಗೆ ನರಸಿಂಹರಾಜಪುರಕ್ಕೆ ವರ್ಗವಾಗಿತ್ತು. ಹೊರಡುವ ದಿನ ಗೇಟಿನವರೆಗೆ ಬಂದರು.

"ನಿಮಗೆ ತುಂಬ ತೊಂದರೆ ಕೊಟ್ಟೆ," ಎಂದರು. "ಗಾಡಿ ಸದ್ದು ನನಗೆ ಕೇಳ್ತಾನೇ ಇರ್ಲಿಲ್ಲ. ಅವರು ಚಪ್ಪಲಿ ಹುಡುಕೋದು ಮಾತ್ರ ಕೇಳ್ತಿತ್ತು."