ಬಾಗಿಲು ತಟ್ಟುವ ಕೆಲಸ

ತುಸೆಕಿಲೆ ನಮ್ಮ ಮನೆಯ ಹಿಂದಿನ ಕೋಣೆಗೆ ಬಾಡಿಗೆಗೆ ಬಂದಾಗ ಗುಡ್ಡಗಳ ನಡುವಿನ ಎಂಬೇಯಾ ಪಟ್ಟಣದಲ್ಲಿ ಜುಲೈ ತಿಂಗಳ ಚಳಿ ಮೂಳೆ ಕೊರೆಯುತ್ತಿತ್ತು. ಬಾಳೆತೋಟಗಳ ಟುಕುಯು ಕಡೆಯ ಹುಡುಗಿ. ಕೈಯಲ್ಲೊಂದು ಪೆಟ್ಟಿಗೆ, ಅಪ್ಪ ಕಡಿದುಕೊಟ್ಟ ಬಾಳೆಗೊನೆ, ಇಸ್ತ್ರಿ ಮಾಡಿದ ಬಿಳಿ ಅಂಗಿಗಳು. ಕಾಲೇಜಿನಲ್ಲಿ ಬ್ಯಾಂಕ್ ವ್ಯವಹಾರ ಓದುತ್ತಿದ್ದಳು. ರಜೆಯಲ್ಲಿ ಯಾವುದಾದರೂ ಕಚೇರಿಯಲ್ಲಿ ಕೆಲಸ ಕಲಿತು, ಅಲ್ಲಿನವರು ಅಂಕ ಕೊಟ್ಟರೆ ಮಾತ್ರ ಮುಂದಿನ ವರ್ಷಕ್ಕೆ ದಾರಿ. ಅದಕ್ಕೆ ನಾವು ‘ಫೀಲ್ಡ್’ ಎನ್ನುತ್ತೇವೆ. ದೊಡ್ಡ ಬ್ಯಾಂಕುಗಳೆಲ್ಲ ಜಾಗವಿಲ್ಲ ಎಂದು ಕೈಯಲ್ಲಾಡಿಸಿದ ಮೇಲೆ ಮಾರುಕಟ್ಟೆಯ ಹಿಂದಿದ್ದ ಒಂದು ಸಾಲದ ಕಂಪನಿ ಅವಳನ್ನು ಸೇರಿಸಿಕೊಂಡಿತು.

ಆ ಕಂಪನಿಯ ಹೆಸರೆತ್ತಿದರೆ ಮಾರುಕಟ್ಟೆಯ ಹೆಂಗಸರು ಪಕ್ಕಕ್ಕೆ ತಿರುಗಿ ಉಗಿಯುತ್ತಿದ್ದರು. ಅಂಥ ಸಾಲಕ್ಕೆ ನಮ್ಮ ಜನ ಇಟ್ಟ ಹೆಸರೇ ರಕ್ತ ಒಣಗಿಸುವ ಸಾಲ. ನಾನು ಅಲ್ಲೇ ಅಕ್ಕಿ ಮಾರುವವಳು, ನನಗೆ ಎಲ್ಲ ಗೊತ್ತಿತ್ತು. ಆದರೆ ಓದುವ ಹುಡುಗಿ, ಕೂತು ಬರೆಯುವ ಕೆಲಸ ಇರಬಹುದು ಎಂದುಕೊಂಡು ಸುಮ್ಮನಿದ್ದೆ.

ಕೂರುವುದಕ್ಕೇ ಅವಳಿಗೆ ಕುರ್ಚಿ ಇರಲಿಲ್ಲ. ಮೂಲೆಯಲ್ಲಿದ್ದ, ಕಾಗದ ತುಂಬಿದ ರಟ್ಟಿನ ಪೆಟ್ಟಿಗೆಗಳ ಮೇಲೆ ಕೂರಬೇಕು. ಬೆಳಿಗ್ಗೆ ನೆಲ ಒರೆಸಬೇಕು, ಚಹಾ, ಎಣ್ಣೆಯಲ್ಲಿ ಕರಿದ ಮಂದಾಜಿ ಬನ್ನು ತರಬೇಕು. ಕಚೇರಿಯ ಹೆಂಗಸರಲ್ಲಿ ಒಬ್ಬರೂ ಹೆಸರು ಹಿಡಿದು ಕರೆಯಲಿಲ್ಲ.

"ಏ ಬಾಳೆಕಾಯಿ, ಹೋಗಿ ಮಂದಾಜಿ ತಗೊಂಡ್ ಬಾ. ಬಿಸಿ ಇರೋದು!"

"ಬಾಳೆಕಾಯಿಗೆ ಕಂಪ್ಯೂಟರ್ ಮುಟ್ಟೋ ಆಸೆಯಂತೆ ಕಣ್ರೇ. ಅಂಟು ಹತ್ತೀತು!"

ಶಾಖೆಯ ಮುಖ್ಯಸ್ಥೆ ಸ್ಕೋಲಾ ಮೇಡಂ ಇವಳನ್ನು ನೋಡಿಯೂ ನೋಡದಂತೆ ಓಡಾಡುತ್ತಿದ್ದರು. ಒಂದು ದಿನ ಇವಳೇ ಧೈರ್ಯಮಾಡಿ, "ಮೇಡಂ, ಸಾಲ ಮಂಜೂರು ಮಾಡೋದು ಹೇಗೆ ಅಂತ ಕಲೀಬೇಕಿತ್ತು," ಎಂದಳು. ಮೇಡಂ ಮೇಲಿಂದ ಕೆಳಗೆ ನೋಡಿ, "ಸಾಲ ಕೊಡೋದು ಯಾವ ಕತ್ತೆಗೂ ಬರುತ್ತೆ. ವಸೂಲಿ ಕಲಿ. ಫೆಸ್ಟೋ, ಇವಳನ್ನ ಕರ್ಕೊಂಡು ಹೋಗು," ಎಂದರು.

ಫೆಸ್ಟೋ ಎಂದರೆ ವಸೂಲಿಯ ಆಳು. ದಪ್ಪ ಕುತ್ತಿಗೆ, ಚರ್ಮದ ಕೋಟು. ಅವನ ಪಿಕಪ್ ಗಾಡಿ ಬೀದಿಗೆ ತಿರುಗಿದರೆ ಸಾಕು, ಬಾಗಿಲುಗಳು ಪಟಪಟನೆ ಮುಚ್ಚಿಕೊಳ್ಳುತ್ತಿದ್ದವು. ಅವತ್ತು ಅವನು ಗಾಡಿಯನ್ನು ಇಲೆಮಿ ಬಡಾವಣೆಯ ಒಂದು ಓಣಿಯ ಹೊರಗೇ ನಿಲ್ಲಿಸಿದ.

"ನೋಡಮ್ಮಾ, ನಾಲ್ಕನೇ ಮನೆ. ಆ ಹೆಂಗಸು ನಿಮ್ಮೂರ ಕಡೆಯವಳೇ. ನಿಮ್ಮ ನ್ಯಾಕ್ಯುಸಾ ಮಾತಲ್ಲಿ ಒಂದ್ ಲೋಟ ನೀರು ಕೇಳು. ಅಷ್ಟೇ."

"ನೀರಾ? ಯಾಕೆ?"

"ಬಾಯಾರಿಕೆಗೆ! ಪ್ರಶ್ನೆ ಕೇಳೋಕೆ ಬಂದಿದೀಯಾ, ಕಲಿಯೋಕೆ ಬಂದಿದೀಯಾ?"

ಅವಳು ಹೋಗಿ ಬಾಗಿಲು ತಟ್ಟಿದಳು. ಒಳಗೆ ಉಸಿರಿಲ್ಲ. "ಅಮ್ಮಾ, ದಾರಿ ನಡೆದು ಸಾಕಾಯ್ತು, ಒಂದ್ ಲೋಟ ನೀರು ಕೊಡ್ತೀರಾ?" ಎಂದು ಊರ ಮಾತಿನಲ್ಲಿ ಕೇಳಿದಳು. ಚಿಲಕ ತೆಗೆದ ಸದ್ದಾಯಿತು. ಹೆಂಗಸು ಲೋಟ ಹಿಡಿದು ಹೊರಗೆ ಮುಖ ಹಾಕುವಷ್ಟರಲ್ಲಿ ಗೋಡೆಯ ಮರೆಯಲ್ಲಿದ್ದ ಫೆಸ್ಟೋ ಬಾಗಿಲ ಸಂದಿಗೆ ಕಾಲಿಟ್ಟ. ಹಿಂದೆಯೇ ಇಬ್ಬರು ಆಳುಗಳು ನುಗ್ಗಿದರು. ಸೋಫಾ, ಟೀವಿ, ಹಾಸಿಗೆ ಎಲ್ಲ ಓಣಿಗೆ ಬಂದವು. ಒಲೆಯ ಮೇಲೆ ಬೇಯುತ್ತಿದ್ದ ಹುರುಳಿಯನ್ನು ನೆಲಕ್ಕೆ ಸುರಿದು ಪಾತ್ರೆಯನ್ನೂ ಗಾಡಿಗೆ ಎಸೆದರು. ಹೆಂಗಸು ತುಸೆಕಿಲೆಯ ಎದುರು ಬಂದು ನಿಂತು, ಲೋಟದಲ್ಲಿದ್ದ ನೀರನ್ನು ಅವಳ ಮುಖಕ್ಕೆ ಎರಚಿದಳು.

"ಕುಡಿ. ಬಾಯಾರಿಕೆ ಅಂದ್ಯಲ್ಲ."

ಗಾಡಿಯಲ್ಲಿ ಫೆಸ್ಟೋ ಸ್ಟೀರಿಂಗ್ ಬಡಿದು ನಕ್ಕ. "ಬಂಗಾರ ಕಣೇ ನೀನು! ನನಗೆ ಇಷ್ಟು ವರ್ಷದಲ್ಲಿ ಒಬ್ಳೂ ತಾನಾಗಿ ಬಾಗಿಲು ತೆಗೆದಿಲ್ಲ."

ಮರುದಿನ ಕಚೇರಿಯಲ್ಲಿ ಅವಳಿಗೊಂದು ಕುರ್ಚಿ ಸಿಕ್ಕಿತು. ಅದಕ್ಕೆ ಅಲ್ಲಿನ ಹೆಂಗಸರಿಗೆ ಹೊಟ್ಟೆಕಿಚ್ಚಾಯಿತು. ತುಸೆಕಿಲೆ ಕುರ್ಚಿಯಲ್ಲಿ ಕೂರದೆ ನೇರ ಮೇಡಂ ಬಳಿ ಹೋಗಿ, "ಆ ಕೆಲಸ ನನ್ನಿಂದಾಗಲ್ಲ," ಎಂದಳು.

"ಆಗಲ್ವಾ?" ಮೇಡಂ ಉಗುರಿಗೆ ಬಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ. "ಸರಿ. ಹಾಗಾದ್ರೆ ನಿನಗೆ ಅಂಕ ಕೊಡೋದು ನನ್ನಿಂದಾಗಲ್ಲ. ನಿಮ್ಮಪ್ಪ ಇನ್ನೊಂದು ವರ್ಷ ಬಾಳೆಕಾಯಿ ಮಾರ್ಲಿ, ಏನೀಗ?"

ಮತ್ತೆ ಹೊರಟಳು. ಒಂದು ಕಡೆ ನೀರು ಕೇಳಿದಳು, ಇನ್ನೊಂದು ಕಡೆ ವಿಳಾಸ ಕೇಳಿದಳು, ಮತ್ತೊಂದು ಕಡೆ ಚರ್ಚಿನಿಂದ ಬಂದಿದ್ದೇನೆ ಎಂದಳು. ತನ್ನ ದನಿಯೇ ತನಗೆ ಹೇಸಿಗೆಯಾಗತೊಡಗಿತು ಎಂದು ಆಮೇಲೆ ನನ್ನ ಬಳಿ ಹೇಳಿದಳು. ಮನೆಗೆ ಬಂದರೆ ಗುಬ್ಬಚ್ಚಿಯ ಹಾಗೆ ಎರಡು ತುತ್ತು ಅನ್ನ ಕುಕ್ಕಿ ಎದ್ದುಬಿಡುತ್ತಿದ್ದಳು.

ಊರಿಗೆ ಸುದ್ದಿ ಹಬ್ಬಲು ಎಷ್ಟು ಹೊತ್ತು? ಮೂಲೆಯ ಮಂದಾಜಿಯವಳು ಇವಳಿಗೆ ಮಾರುವುದಿಲ್ಲ ಎಂದಳು. ನಲ್ಲಿಯ ಹತ್ತಿರ ಇವಳ ಕೊಡವನ್ನು ಯಾರೋ ಕಾಲಿನಿಂದ ಉರುಳಿಸಿದರು. ನನ್ನ ಅಕ್ಕಿ ಮೂಟೆಗಳ ಮುಂದೆ ನಿಂತು ಒಬ್ಬಳು, "ಹಾವಿಗೆ ಹಾಲೆರೀತಿದೀಯಲ್ಲ, ನಾಳೆ ನಿನ್ನ ಬಾಗ್ಲೂ ತಟ್ತಾಳೆ ನೋಡ್ತಿರು," ಎಂದು ಕೇಳುವಂತೆಯೇ ಅಂದಳು. ನನಗೂ ರೇಗಿತು. ಅವತ್ತು ಸಂಜೆ ಹುಡುಗಿಯನ್ನು ಕೂರಿಸಿಕೊಂಡು ನೇರವಾಗಿಯೇ ಹೇಳಿದೆ.

"ನೋಡು ಮಗಾ, ನಿನ್ನ ಓದು ನಿನಗೆ ದೊಡ್ಡದು, ಇರಲಿ. ಆದ್ರೆ ಈ ಕೆಲಸ ಮಾಡ್ಕೊಂಡು ನನ್ನ ಮನೇಲಿ ಇರೋದು ಬೇಡ. ತಿಂಗಳಾಖ್ರಿಗೆ ಕೋಣೆ ಬಿಡು."

ಅವಳು ತಲೆ ಎತ್ತಲಿಲ್ಲ. "ಸರಿ ದೊಡ್ಡಮ್ಮ," ಎಂದಷ್ಟೇ ಹೇಳಿ ಎದ್ದುಹೋದಳು.

ಅದೇ ವಾರ ಫೆಸ್ಟೋ ಅವಳನ್ನು ಲುಸಾಜೋನ ಅಮ್ಮನ ಮನೆಗೆ ಕರೆದುಕೊಂಡು ಹೋದ. ಮಗನ ಹೆಸರಿನಿಂದಲೇ ಎಲ್ಲರೂ ಕರೆಯುವ ಆ ಹೆಂಗಸು ಬಸ್ ನಿಲ್ದಾಣದ ಬಳಿ ಆಲೂಗಡ್ಡೆ ಕರಿದು, ಮೇಲೆ ಮೊಟ್ಟೆ ಹೊಯ್ದು ಮಾರುತ್ತಿದ್ದಳು. ಗಂಡನ ಆಪರೇಷನ್‌ಗೆ ಮಾಡಿದ ಸಾಲ. ಫೆಸ್ಟೋಗೆ ಬೇಕಿದ್ದುದು ಅವಳ ಗ್ಯಾಸ್ ಒಲೆ, ದೊಡ್ಡ ಬಾಣಲೆ, ಸಿಲಿಂಡರು.

"ಇವಳು ಕಿಲಾಡಿ. ನೀರು ಗೀರು ಅಂದ್ರೆ ತೆಗೆಯಲ್ಲ," ಎಂದ ಅವನು. "ಮಗನಿಗೆ ಶಾಲೇಲಿ ಏಟಾಗಿದೆ ಅನ್ನು. ಓಡಿ ಬರ್ತಾಳೆ."

ತುಸೆಕಿಲೆ ಬಾಗಿಲ ಮುಂದೆ ಹೋಗಿ ನಿಂತಳು. ಕೈ ಎತ್ತಿದಳು. ತಟ್ಟಲಿಲ್ಲ. ಒಳಗೆ ಯಾರೋ ಸಣ್ಣ ದನಿಯಲ್ಲಿ ಪ್ರಾರ್ಥನೆಯ ಹಾಡು ಗುನುಗುತ್ತಿದ್ದರು. ಫೆಸ್ಟೋ ಗೋಡೆಯ ಮರೆಯಿಂದ, "ಹೂಂ, ತಟ್ಟೇ!" ಎಂದು ಹಲ್ಲು ಕಡಿದ. ಆಗ ಅವಳು ಓಣಿಯ ತುದಿಗೆ ಕೇಳುವಂತೆ ಕಿರುಚಿದಳು.

"ಅಮ್ಮಾ, ತೆಗೀಬೇಡಿ! ಸಾಲದವ್ರು ಬಂದಿದಾರೆ! ಅಗಳಿ ಹಾಕ್ಕೊಳ್ಳಿ! ಯಾರೂ ಬಾಗಿಲು ತೆಗೀಬೇಡಿ!"

ಫೆಸ್ಟೋ ಹಾರಿ ಬಂದು ಅವಳ ಕೆನ್ನೆಗೆ ಬಾರಿಸಿದ. ಅವಳು ಗೋಡೆಗೆ ಬಡಿದು ಬಿದ್ದಳು. ಬಿದ್ದಲ್ಲಿಂದಲೇ ಮತ್ತೆ ಕೂಗಿದಳು. ಬಾಗಿಲುಗಳು ಮುಚ್ಚಿಕೊಳ್ಳುವ ಬದಲು ಒಂದೊಂದಾಗಿ ತೆರೆದವು. ಒನಕೆ, ಸೌಟು, ಕಲ್ಲು, ಕೈಗೆ ಸಿಕ್ಕಿದ್ದು ಹಿಡಿದು ಹೆಂಗಸರು ಹೊರಗೆ ಬಂದರು. ಮೊದಲ ಕಲ್ಲು ಗಾಡಿಯ ಗಾಜಿಗೆ ಬಿತ್ತು. ಆಳುಗಳು ಆಗಲೇ ಓಟ ಕಿತ್ತಿದ್ದರು. ಫೆಸ್ಟೋ ಗಾಡಿ ಹತ್ತಿ ಹಿಮ್ಮುಖವಾಗಿಯೇ ಓಡಿಸಿದ. ಹುಡುಗಿಯನ್ನು ಬಿಟ್ಟುಹೋದ.

ಹೆಂಗಸರು ಅವಳ ಸುತ್ತ ನೆರೆದರು. ಎತ್ತಿ ಕೂರಿಸಲಿಕ್ಕಲ್ಲ.

"ಇವಳೇ ಕಣ್ರೇ, ಬಾಗಿಲು ತಟ್ಟೋಳು!"

"ಬಿಳಿ ಅಂಗಿ ನೋಡು, ಬಿಳಿ ಅಂಗಿ! ಹರೀರಿ ಅದನ್ನ!"

ಕೊರಳಲ್ಲಿದ್ದ ಕಂಪನಿಯ ಬಿಲ್ಲೆಯನ್ನು ಕಿತ್ತೆಸೆದರು, ಅಂಗಿಯ ತೋಳು ಹರಿದರು, ಜಡೆ ಹಿಡಿದು ಜಗ್ಗಿದರು. ಅವಳು ಬಿಡಿಸಿಕೊಳ್ಳಲು ಹೋಗಲಿಲ್ಲ. ಕೊನೆಗೆ ಲುಸಾಜೋನ ಅಮ್ಮ ಬಾಗಿಲು ತೆಗೆದು ಹೊರಬಂದು ನಡುವೆ ನಿಂತಳು.

"ಸಾಕು ಬಿಡ್ರೇ," ಎಂದಳು. ಹುಡುಗಿಯತ್ತ ತಿರುಗಿ, "ಕೂಗಿದೀಯ, ಒಳ್ಳೇದಾಯ್ತು. ಅದಕ್ಕೆ ಬಿಡಿಸ್ತಿದೀನಿ. ಥ್ಯಾಂಕ್ಸ್ ಗೀಂಕ್ಸ್ ಅಂತ ಕಾಯ್ಕೊಂಡು ನಿಂತ್ಕೋಬೇಡ. ಹೋಗು, ಮತ್ತೆ ಈ ಓಣೀಲಿ ಕಾಣಿಸ್ಕೋಬೇಡ," ಎಂದಳು.

ಅವಳು ಹರಿದ ಅಂಗಿಯಲ್ಲೇ ನಡೆದು ಮನೆಗೆ ಬಂದಳು. ತುಟಿ ಊದಿತ್ತು. ನಾನು ನೀರು ಕಾಯಿಸಿ ಕೊಟ್ಟೆ, ಕೋಣೆ ಬಿಡುವ ಮಾತನ್ನು ಮತ್ತೆ ಎತ್ತಲಿಲ್ಲ.

ಕಾಲೇಜಿನ ಮೇಷ್ಟರು ಪರಿಶೀಲನೆಗೆ ಬಂದಾಗ ಸ್ಕೋಲಾ ಮೇಡಂ, ಈ ಹುಡುಗಿ ಜನರನ್ನು ಎತ್ತಿಕಟ್ಟಿ ಕಂಪನಿಯ ಗಾಡಿ ಒಡೆಸಿದಳು ಎಂದರು. ಮೇಷ್ಟರು ಇವಳನ್ನು ಕರೆಸಿದರು. ಇವಳು ಒಂದನ್ನೂ ಮುಚ್ಚಿಡದೆ, ತಾನು ತಟ್ಟಿದ ಬಾಗಿಲುಗಳನ್ನೂ ಸೇರಿಸಿ, ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು. "ನಿನ್ನನ್ನ ಕಲಿಯೋಕೆ ಕಳಿಸಿದ್ದು ಕಣಮ್ಮಾ, ಗಲಾಟೆ ಎಬ್ಬಿಸೋಕಲ್ಲ. ನಾಳೆ ಈ ಕಂಪನಿ ನಮ್ಮ ಬೇರೆ ಮಕ್ಕಳನ್ನ ತಗೊಳ್ಳುತ್ತಾ, ಹೇಳು?"

"ತಗೊಳ್ದೇ ಇರ್ಲಿ ಸಾರ್," ಎಂದಳಂತೆ.

ಅಂಕ ಸಿಗಲಿಲ್ಲ. ಒಂದು ವರ್ಷ ಹಾಳಾಯಿತು. ಅಷ್ಟರಲ್ಲಿ ಫೆಸ್ಟೋ ಪೊಲೀಸರನ್ನು ಜೊತೆಗಿಟ್ಟುಕೊಂಡು ಹೋಗಿ ಲುಸಾಜೋನ ಅಮ್ಮನ ಒಲೆ, ಬಾಣಲೆ ಎಲ್ಲ ಹೊತ್ತು ತಂದಿದ್ದ. ಅದನ್ನು ಕೇಳಿದ ದಿನ ಹುಡುಗಿ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ಬಂದಾಗಿನಿಂದ ಅವಳು ಅತ್ತದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅವಳನ್ನು ಕರೆದೊಯ್ಯಲು ಅಪ್ಪ ಬಂದ. ಹಳೆಯ ಕೋಟು, ರಬ್ಬರ್ ಬೂಟು, ಮಾತು ಕಡಿಮೆ. ಎಲ್ಲ ಕೇಳಿಸಿಕೊಂಡು, "ಹೊಡೆದವನು ಎಲ್ಲಿರ್ತಾನೆ?" ಎಂದು ಕೇಳಿದ. ಕಂಪನಿಯ ಕಚೇರಿಗೆ ಹೋಗಿ, ಸಾಲ ಕೇಳಲು ಬಂದವರ ಬೆಂಚಿನ ಮೇಲೆ ಕೂತು, ಫೆಸ್ಟೋ ಬರುವವರೆಗೂ ಏಳುವುದಿಲ್ಲ ಎಂದ. ಚಹಾ ಕೊಟ್ಟರೆ ಕುಡಿಯಲಿಲ್ಲ. ಮೇಡಂ ಎರಡು ಸಲ ಹೊರಗೆ ಬಂದು ನೋಡಿ ಒಳಗೆ ಹೋದರು. ಫೆಸ್ಟೋ ಅವತ್ತು ಕಚೇರಿಯ ಕಡೆ ತಲೆಯನ್ನೇ ಹಾಕಲಿಲ್ಲ. ಸಂಜೆ ಕಾವಲುಗಾರರು ಮುದುಕನ ರಟ್ಟೆ ಹಿಡಿದು ಬೀದಿಗೆ ಬಿಟ್ಟರು.

ಮರುದಿನ ಬಸ್ ನಿಲ್ದಾಣದವರೆಗೆ ನಾನೂ ಹೋದೆ. ಅಪ್ಪ ಅಲ್ಲಿಯವರೆಗೆ ತಡೆದಿಟ್ಟಿದ್ದ ಬಾಯಿ ಬಸ್ ಹತ್ತಿದ ಮೇಲೆ ಬಿಚ್ಚಿತು. "ಒಂದು ವರ್ಷದ ಫೀಸು ಅಂದ್ರೆ ಏನು ಗೊತ್ತಾ ನಿನಗೆ? ಕೂಗೋಳು ಮೊದಲನೇ ದಿನವೇ ಕೂಗಬಾರದಿತ್ತಾ? ಇಷ್ಟು ಮನೆ ಹಾಳು ಮಾಡಿ ಆಮೇಲೆ ಕೂಗಿದ್ಯಾ?" ಅವಳು ಕಿಟಕಿಯಿಂದ ಆಚೆ ನೋಡುತ್ತ ಬೈಸಿಕೊಳ್ಳುತ್ತಿದ್ದಳು. ಬಸ್ಸು ಹೊರಟರೂ ಅವನ ಕೈ ಗಾಳಿಯಲ್ಲಿ ಆಡುತ್ತಲೇ ಇತ್ತು.

ಮುಂದಿನ ವರ್ಷ ಅವಳು ತನ್ನ ಊರಿನ ಚಹಾ ಬೆಳೆಗಾರರ ಸಾಲದ ಸಂಘದಲ್ಲಿ ಫೀಲ್ಡ್ ಮುಗಿಸಿ ಪಾಸಾದಳು. ಓದು ಮುಗಿದು ಈಗ ಅಲ್ಲೇ ಕೆಲಸ. ಸಾಲ ಕೇಳಿ ಬಂದವರಿಗೆ, ಕಟ್ಟಲಾಗದಿದ್ದರೆ ಏನೇನಾಗುತ್ತದೆ ಎಂಬುದನ್ನು ಸಾಲ ಕೊಡುವ ಮೊದಲೇ ಬಿಡಿಸಿ ಹೇಳುತ್ತಾಳಂತೆ. ಹೀಗೆ ಹೆದರಿಸಿದರೆ ಸಾಲ ತೆಗೆದುಕೊಳ್ಳುವವರು ಯಾರು ಎಂದು ಅಲ್ಲಿನ ಮ್ಯಾನೇಜರ್ ದಿನಾ ಅವಳ ಮೇಲೆ ಸಿಡುಕುತ್ತಾನೆ ಎಂದು ಕೇಳಿದ್ದೇನೆ.