ಅಡುಗೆ ಪುಸ್ತಕದ ಇದ್ದಿಲ ಗೆರೆ

ನಿಜಾಮರ ಆಳ್ವಿಕೆ ಮುಗಿದ ಮರುವರ್ಷ ನಾನು ಕೊಂಕಲ್‌ನಿಂದ ಶಹಾಪುರಕ್ಕೆ ಎರಡನೆಯ ಹೆಂಡತಿಯಾಗಿ ಬಂದೆ. ಮೊದಲನೆಯವಳು ಜ್ವರದಲ್ಲಿ ತೀರಿಕೊಂಡಿದ್ದಳು. ಮನೆಯಲ್ಲಿದ್ದವರು ಇಬ್ಬರೇ: ಶಾಲಾ ಮಾಸ್ತರರಾದ ನನ್ನ ಗಂಡ ಮತ್ತು ಕಣ್ಣು ಪೂರ್ತಿ ಹೋಗಿದ್ದ ಅತ್ತೆ. ಅಲ್ಲಿಯವರೆಗೆ ಉರ್ದುವಿನಲ್ಲಿ ಪಾಠ ಮಾಡಿದ್ದ ಗಂಡನಿಗೆ ಇನ್ನು ಕನ್ನಡದಲ್ಲಿ ಕಲಿಸಬೇಕೆಂಬ ಹುಕುಂ ಬಂದಿತ್ತು. ಸಂಜೆಯೆಲ್ಲ ಪಾಟಿ ಹಿಡಿದು ಕಾಗುಣಿತ ತಿದ್ದುತ್ತ ಕೂರುತ್ತಿದ್ದರು.

ನನಗೆ ಓದಲು ಬರುತ್ತಿತ್ತು. ಅಡುಗೆ ಮಾತ್ರ ರೊಟ್ಟಿ, ಬೇಳೆ, ಪುಂಡಿ ಪಲ್ಯದಾಚೆಗೆ ತಿಳಿಯದು. ತಿಂಗಳೊಳಗೆ ಅತ್ತೆ ಗೋಡೆಯ ಮಾಡವನ್ನು ತಡಕಾಡಿ ಒಂದು ದಪ್ಪ ಪುಸ್ತಕ ತೆಗೆದರು. ಮೈಸೂರು ಕಡೆ ಅಚ್ಚಾದ ಹಳೆಯ ಪಾಕಶಾಸ್ತ್ರ, ರಟ್ಟು ಕಿತ್ತುಹೋಗಿತ್ತು.

“ಆಕಿ ಇದನ್ನ ನೋಡೇ ಕಲ್ತಿದ್ಲು. ನೀನೂ ಕಲಿ, ತಂಗಿ.”

ಮಾಡಿ ಕಲಿತ ಅಡುಗೆಯ ಹೆಸರಿನ ಕೆಳಗೆಲ್ಲ ಮೊದಲನೆಯವಳು ಸೀಸದ ಕಡ್ಡಿಯಿಂದ ಗೆರೆ ಎಳೆದಿದ್ದಳು. ಗೆರೆಗಳು ಪುಸ್ತಕದ ನಡುವೆ, ಮಜ್ಜಿಗೆ ಹುಳಿಯ ಹತ್ತಿರ ನಿಂತುಹೋಗಿದ್ದವು.

ನಾನು ಮೊದಲ ಪುಟದಿಂದ ಶುರುಮಾಡಿದೆ. ಪುಸ್ತಕ ಹಸಿ ತೆಂಗಿನಕಾಯಿ ಕೇಳುತ್ತಿತ್ತು, ನಮ್ಮ ಬಜಾರಿನಲ್ಲಿ ಸಿಗುತ್ತಿದ್ದದ್ದು ಒಣಕೊಬ್ಬರಿ. ಅದನ್ನೇ ಬಿಸಿನೀರಿನಲ್ಲಿ ನೆನೆಸಿ ರುಬ್ಬಿದೆ. ‘ಹದವಾಗಿ ಹುರಿಯಿರಿ’ ಎಂದಿದ್ದರೆ ಹದ ಯಾವುದೆಂದು ತಿಳಿಯದೆ ಎರಡು ಸಲ ಮೆಂತ್ಯ ಸೀಯಿಸಿದೆ. ಮೂರನೆಯ ಸಲ ವಾಸನೆಯಿಂದಲೇ ಗೊತ್ತಾಯಿತು. ನಾಲ್ಕು ತಿಂಗಳಿಗೆ ಮಜ್ಜಿಗೆ ಹುಳಿ ದಾಟಿ ಹಾಗಲಕಾಯಿ ಗೊಜ್ಜಿಗೆ ಬಂದೆ.

ಮರುದಿನ ಪುಸ್ತಕ ತೆರೆದಾಗ ಹಾಗಲಕಾಯಿ ಗೊಜ್ಜಿನ ಕೆಳಗೆ ಒಂದು ಗೆರೆ ಇತ್ತು. ಸೀಸದ ಕಡ್ಡಿಯದಲ್ಲ, ಇದ್ದಿಲಿನದು.

ಗಂಡನನ್ನು ಕೇಳಿದೆ: “ಪುಸ್ತಕದಾಗ ನೀವು ಗೆರಿ ಎಳದ್ರೇನ್ರಿ?”

ಅವರ ಮುಖ ಇಳಿದುಹೋಯಿತು. “ಆಕಿ ಹೋದ ಮ್ಯಾಲ ನಾ ಆ ಪುಸ್ತಕ ಮುಟ್ಟೇ ಇಲ್ಲ.”

ಆಮೇಲೆ ಮಾಡಿದ ಪ್ರತಿಯೊಂದು ಅಡುಗೆಗೂ ಗೆರೆ ಬಿತ್ತು. ಪರೀಕ್ಷೆ ಮಾಡಲೆಂದು ಯಾರಿಗೂ ಹೇಳದೆ ನೂರು ಪುಟ ಹಾರಿ, ಕೊನೆಯ ಭಾಗದ ಒಂದು ಪಾಯಸ ಮಾಡಿದೆ. ಮರುದಿನ ಅದರ ಕೆಳಗೂ ಗೆರೆ, ಹೆಸರಿನಷ್ಟೇ ಉದ್ದ, ಒಂದಿಷ್ಟೂ ಸೊಟ್ಟಗಿಲ್ಲ. ಅಂದು ಒಲೆಗೆ ಬೆನ್ನು ಮಾಡಲೂ ನನಗೆ ಧೈರ್ಯ ಬರಲಿಲ್ಲ.

ಒಂದು ಮಧ್ಯಾಹ್ನ ಹಿತ್ತಲಲ್ಲಿ ಪಾತ್ರೆ ತೊಳೆದು ಒಳಗೆ ಬಂದೆ. ಅತ್ತೆ ಒಲೆಯ ಮುಂದೆ ಕುಳಿತಿದ್ದರು. ತೊಡೆಯ ಮೇಲೆ ಪುಸ್ತಕ, ಬೆರಳ ನಡುವೆ ಇದ್ದಿಲ ಚೂರು. ಪಕ್ಕದಲ್ಲಿ ಒಂದು ಎಲೆ, ಅದರ ಮೇಲೆ ನಾನು ಮಾಡಿದ ಪಲ್ಯದ ಎರಡು ತುತ್ತು.

“ಅತ್ತಿ, ನೀವೇನ್ರಿ ಗೆರಿ ಎಳ್ಯಾವ್ರು? ನಿಮಗ ಕಾಣಂಗಿಲ್ಲಲ್ರಿ!”

“ನನಗ ಏನು ಕಾಣ್ತದ, ತಂಗಿ? ಆಕಿ ಉಂಡು ನನ್ನ ಕೈ ಹಿಡೀತಾಳ. ಹಿಡದ ಕಡಿ ಎಳೀತೀನಿ.” ಹೊಸದೇನೂ ಹೇಳುತ್ತಿಲ್ಲವೆಂಬಂತೆ ಹೇಳಿದರು.

ನಾನು ಹತ್ತಿರ ಹೋಗಿ ಬಗ್ಗಿ ನೋಡಿದೆ. ಪುಸ್ತಕ ಸರಿಯಾದ ಪುಟಕ್ಕೇ ತೆರೆದಿತ್ತು. ಆದರೆ ಅಂದಿನ ಅಡುಗೆಯ ಕೆಳಗೆ ಇನ್ನೂ ಗೆರೆ ಇರಲಿಲ್ಲ.

“ಇವತ್ತಿಂದು ಯಾಕ ಎಳದಿಲ್ರಿ?” ಎಂದು ಕೇಳಿದೆ.

“ಖಾರ ಕಡಿಮಿ ಆಗ್ಯಾದಂತ.”

ಪುಸ್ತಕ ಎಂಟು ಮೆಣಸಿನಕಾಯಿ ಹೇಳಿತ್ತು. ನಾನು ಹಾಕಿದ್ದು ಐದು. ಅತ್ತೆ ಅದನ್ನು ಇನ್ನೂ ಬಾಯಿಗಿಟ್ಟಿರಲಿಲ್ಲ; ಎಲೆಯ ಮೇಲಿನ ತುತ್ತುಗಳು ಹಾಗೇ ಇದ್ದವು, ಅವರ ತಟ್ಟೆಗೆ ನಾನಿನ್ನೂ ಬಡಿಸಿಯೇ ಇರಲಿಲ್ಲ.

ತವರಿಗೆ ಹೋಗಿಬಿಡಬೇಕೆಂದು ಸೀರೆ ಗಂಟು ಕಟ್ಟಿದೆ. ಕಟ್ಟಿ, ಬಹಳ ಹೊತ್ತು ಅದರ ಮುಂದೆ ಕುಳಿತೆ. ಕೊಂಕಲ್‌ನಲ್ಲಿ ಏನೆಂದು ಹೇಳಲಿ? ಮರುದಿನ ಅದೇ ಪಲ್ಯವನ್ನು ಎಂಟು ಮೆಣಸಿನಕಾಯಿ ಹಾಕಿ ಮಾಡಿದೆ. ಗೆರೆ ಬಿತ್ತು. ಹೇಳಲು ನಾಚಿಕೆ, ಆದರೆ ಹೆದರಿಕೆಯ ಜೊತೆಗೆ ಸಣ್ಣ ಹೆಮ್ಮೆಯೂ ಆಯಿತು.

ಮುಂದಿನ ನಾಲ್ಕು ವರ್ಷ ಹಾಗೆಯೇ ನಡೆಯಿತು. ಶಹಾಪುರ ಮೈಸೂರು ರಾಜ್ಯಕ್ಕೆ ಸೇರುವುದಕ್ಕೆ ಮುಂಚೆ ಒಂದು ಬೇಸಿಗೆಯಲ್ಲಿ ಅತ್ತೆ ತೀರಿಕೊಂಡರು. ಹದಿನೈದು ದಿನ ಬಿಟ್ಟು ನಾನು ಹೋಳಿಗೆ ಮಾಡಿದೆ, ಬಾಯಿಪಾಠವಾಗಿದ್ದ ಅಳತೆಯಿಂದಲೇ. ಗಂಡ ಉಂಡು ಚಲೋ ಆಗ್ಯಾದ ಎಂದರು. ಪುಸ್ತಕ ತೆರೆದು ನೋಡಲಿಲ್ಲ. ಗೆರೆ ಇದ್ದರೂ ನನಗೆ ತಡೆಯಲಾಗುತ್ತಿರಲಿಲ್ಲ, ಇಲ್ಲದಿದ್ದರೂ.